ಲಾರಿಯ ತುಂಬ ಪರನಿಂದೆ

ಇಂಡೋನೇಷ್ಯಾದಲ್ಲಿ ಮನರಂಜನೆಯೆಂದರೆ ಬಹುಕಾಲ ರಾಜಧಾನಿ ಜಕಾರ್ತ ಬಡಿಸಿದ್ದೇ ಆಗಿತ್ತು. 1962ರಲ್ಲಿ ಆರಂಭವಾದ ಸರಕಾರಿ ಟಿ.ವಿ.ಗೆ 1989ರ ತನಕ ಪ್ರತಿಸ್ಪರ್ಧಿಯೇ ಇರಲಿಲ್ಲ. ಆ ಬಳಿಕ ಬಂದ ಖಾಸಗಿ ವಾಹಿನಿಗಳು 'ಸಿನೆಟ್ರಾನ್' ಎಂಬ ಧಾರಾವಾಹಿಗಳನ್ನು ಮನೆ ಮನೆಗೆ ತಂದವು. ಬಂಗಲೆ, ಕಾರು, ಕುಟುಂಬ ಕಲಹ, ಕಣ್ಣೀರು. ಜಾವಾದ ಹಳ್ಳಿಯವರು ಅಲ್ಲಿ ಕಾಣಿಸಿಕೊಂಡರೂ ಹೆಚ್ಚಾಗಿ ಮನೆಗೆಲಸದವರಾಗಿ ಅಥವಾ ನಗೆಪಾಟಲಿನ ಪಾತ್ರಗಳಾಗಿ.

ಈ ಬಾಗಿಲನ್ನು ಸಡಿಲಿಸಿದ್ದು ಯೂಟ್ಯೂಬ್. 2011ರಲ್ಲಿ ಗೊರೊಂಟಾಲೊದ ಪೊಲೀಸ್ ನಾರ್ಮನ್ ಕಮಾರು ಸಮವಸ್ತ್ರದಲ್ಲಿಯೇ ಹಿಂದಿಯ 'ಛಯ್ಯಾ ಛಯ್ಯಾ' ಹಾಡಿಗೆ ತುಟಿಯಾಡಿಸಿ ದೇಶಕ್ಕೆಲ್ಲ ಪರಿಚಿತರಾದರು. ಅದೇ ವರ್ಷ ಕೆಲಸವನ್ನೂ ಕಳೆದುಕೊಂಡರು. ಖ್ಯಾತಿಗೆ ಜಕಾರ್ತದ ಅಪ್ಪಣೆ ಬೇಕಿಲ್ಲವೆಂಬುದು ಅಂದು ಸ್ಪಷ್ಟವಾಯಿತು. ಆದರೆ ಅಪ್ಪಣೆಯಿಲ್ಲದೆ ಬಂದದ್ದೆಲ್ಲ ಒಳ್ಳೆಯದೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು 'ತಿಲಿಕ್' ಎಂಬ ಕಿರುಚಿತ್ರವನ್ನು ನೋಡಬೇಕು.

ವಾಹ್ಯು ಅಗುಂಗ್ ಪ್ರಸೆತ್ಯೊ ನಿರ್ದೇಶಿಸಿದ ಈ ಚಿತ್ರ ತಯಾರಾದದ್ದು 2018ರಲ್ಲಿ, ಯೋಗ್ಯಕರ್ತದ ಸಂಸ್ಕೃತಿ ಇಲಾಖೆಯ ನೆರವಿನಿಂದ. 2020ರ ಆಗಸ್ಟ್‌ನಲ್ಲಿ ಯೂಟ್ಯೂಬ್‌ಗೆ ಬಂದಾಗ ಕೆಲವೇ ವಾರಗಳಲ್ಲಿ ಎರಡು ಕೋಟಿಗೂ ಮಿಕ್ಕಿ ವೀಕ್ಷಣೆ ಕಂಡಿತು. ಭಾಷೆ ಜಾವಾನೀಸ್, ಅವಧಿ ಅರ್ಧ ಗಂಟೆ. 'ತಿಲಿಕ್' ಎಂದರೆ ನೋಡಿ ಬರುವುದು. ಆಸ್ಪತ್ರೆಯಲ್ಲಿರುವ ಗ್ರಾಮದ ಮುಖ್ಯಸ್ಥೆಯನ್ನು ನೋಡಲು ಊರಿನ ಹೆಂಗಸರು ತೆರೆದ ಲಾರಿಯಲ್ಲಿ ನಿಂತುಕೊಂಡೇ ಹೊರಟಿದ್ದಾರೆ. ರೋಗಿಯ ಸಂದರ್ಶನ ಪುಣ್ಯದ ಕೆಲಸ. ಆದರೆ ದಾರಿಯುದ್ದಕ್ಕೂ ನಡೆಯುವುದು ದಿಯಾನ್ ಎಂಬ ಅವಿವಾಹಿತ ಯುವತಿಯ ಗೀಬತ್. ಈ ಅರಬಿ ಪದ ಇಂಡೋನೇಷ್ಯಾದವರ ಆಡುಮಾತಿನಲ್ಲೂ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು.

ನಿಂದೆಯ ಮುಂದಾಳು ಬು ತೇಜೊ. ಸಿತಿ ಫೌಜಿಯಾ ಈ ಪಾತ್ರಕ್ಕೆ ಎಷ್ಟು ಜೀವ ತುಂಬಿದ್ದಾರೆಂದರೆ ನಮಗೂ ನಗು ತಡೆಯಲಾಗುವುದಿಲ್ಲ. ಆಕೆಯ ಸಾಕ್ಷ್ಯವೆಲ್ಲ ಮೊಬೈಲ್‌ನಲ್ಲಿದೆ. ಫೇಸ್‌ಬುಕ್‌ನ ಫೋಟೊ ತೋರಿಸಿ ತೀರ್ಪು ಕೊಡುತ್ತಾಳೆ. ಗಂಡನನ್ನು ಮುಖ್ಯಸ್ಥನಾಗಿಸುವ ಆಸೆಯೂ ಆಕೆಗಿದೆ. ಖಚಿತವಿಲ್ಲದ ಸುದ್ದಿ ಹರಡಬೇಡಿ ಎಂದು ಯು ನಿಂಗ್ ಒಬ್ಬಳೇ ವಾದಿಸುತ್ತಾಳೆ. ಆಸ್ಪತ್ರೆ ತಲುಪಿದಾಗ ರೋಗಿ ತೀವ್ರ ನಿಗಾ ಘಟಕದಲ್ಲಿದ್ದಾರೆ, ಭೇಟಿ ಸಾಧ್ಯವಿಲ್ಲ. ವಿಚಾರಿಸದೆ ಎಲ್ಲರನ್ನೂ ಹೊರಡಿಸಿದ್ದು ಅದೇ ಯು ನಿಂಗ್! ಹಳ್ಳಿಯ ಬದುಕನ್ನು ಹತ್ತಿರದಿಂದ ಬಲ್ಲವರಷ್ಟೇ ಇಂಥ ವ್ಯಂಗ್ಯವನ್ನು ಕಟ್ಟಬಲ್ಲರು.

ನಮ್ಮ ತಕರಾರು ಕೊನೆಯ ದೃಶ್ಯದ ಬಗ್ಗೆ. ದಿಯಾನ್ ಮಧ್ಯವಯಸ್ಕನೊಬ್ಬನ ಕಾರು ಹತ್ತುತ್ತಾಳೆ. ಬು ತೇಜೊ ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದಾಯಿತು. ಹೆಂಗಸರೆಂದರೆ ಚಾಡಿಕೋರರು ಎಂಬ ಹಳೆಯ ಅಚ್ಚನ್ನೇ ಚಿತ್ರ ಒತ್ತಿದೆಯೆಂದು ಅಲ್ಲಿ ಅನೇಕರು ಆಕ್ಷೇಪಿಸಿದರು. ಪೊಲೀಸನನ್ನೇ ಬಾಯಿ ಮುಚ್ಚಿಸುವ, ಕೆಟ್ಟು ನಿಂತ ಲಾರಿಯನ್ನು ತಳ್ಳುವ ಈ ಹೆಂಗಸರನ್ನು ಚಿತ್ರ ಪ್ರೀತಿಯಿಂದಲೇ ಕಂಡಿದೆ. ಆದ್ದರಿಂದ ಆ ಆಕ್ಷೇಪವನ್ನು ನಾವು ಪೂರ್ತಿ ಒಪ್ಪುವುದಿಲ್ಲ. ದೋಷ ಬೇರೆಡೆ ಇದೆ. ಮಾತು ನಿಜವಾದರೆ ನಿಂದೆಗೆ ಕ್ಷಮೆಯಿದೆ ಎಂಬ ಭಾವನೆ ಪ್ರೇಕ್ಷಕನಲ್ಲಿ ಉಳಿಯುತ್ತದೆ. ಇಲ್ಲದ ದೋಷವನ್ನು ಹೇಳಿದರೆ ಅದು ಸುಳ್ಳು ಆರೋಪ; ಇರುವ ದೋಷವನ್ನು ಬೆನ್ನ ಹಿಂದೆ ಆಡುವುದೇ ಗೀಬತ್. ಸತ್ಯ ಅದಕ್ಕೆ ರಕ್ಷೆಯಲ್ಲ.

ಚಿತ್ರ ಜನಪ್ರಿಯವಾದ ಮೇಲೆ ನಡೆದದ್ದೂ ಇದೇ. ಮನೆಮಾತಾದವಳು ಬು ತೇಜೊ. ಆಕೆಯ ಮುಖ, ಮಾತುಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿದವು. ದಿಯಾನ್‌ಳ ಕಷ್ಟವನ್ನು ಕೇಳಿದವರು ಕಡಿಮೆ. ಮೂವತ್ತು ನಿಮಿಷಗಳ ಚಿತ್ರದಲ್ಲಿ ಆಕೆಗೆ ಬಾಯಿ ಸಿಕ್ಕಿದ್ದೇ ಕೊನೆಗೆ.

ಜಕಾರ್ತದ ಬಂಗಲೆಗಳಿಂದ ಕ್ಯಾಮರಾ ಹಳ್ಳಿಯ ಲಾರಿಗೆ ಇಳಿದದ್ದು ದೊಡ್ಡ ಸಾಧನೆ. ಜಾವಾನೀಸ್ ಮಾತು ದೇಶವನ್ನೆಲ್ಲ ನಗಿಸಿದ್ದು ಇನ್ನೂ ದೊಡ್ಡದು. ಆದರೆ ಲಾರಿಯಲ್ಲಿ ಹಿಡಿಯುವಷ್ಟು ಜನರ ನಡುವೆ ಇದ್ದ ನಿಂದೆಗೆ ಇಂದು ಕೋಟಿಗಟ್ಟಲೆ ಕಿವಿಗಳಿವೆ. ಈ ಚಿತ್ರವನ್ನು ನೋಡಿ ಎಂದೇ ನಾವು ಹೇಳುತ್ತೇವೆ. ನಗುವಾಗ ನಾವೂ ಆ ಲಾರಿಯಲ್ಲೇ ನಿಂತಿದ್ದೇವೆ ಎಂಬುದನ್ನು ಮಾತ್ರ ಮರೆಯದಿರೋಣ.