ನುಡಿಯ ಸಾಕ್ಷ್ಯ, ನೆಲದ ಕಥನ: ಅಥಪಾಸ್ಕನ್ ವಲಸೆಯ ಅಧ್ಯಯನದಲ್ಲಿ ಮೌಖಿಕ ಪರಂಪರೆಯ ಸ್ಥಾನ

ಉತ್ತರ ಅಮೆರಿಕದ ಮೂಲನಿವಾಸಿಗಳ ಪ್ರಾಗಿತಿಹಾಸವನ್ನು ಕುರಿತ ಚರ್ಚೆಯಲ್ಲಿ ಅಥಪಾಸ್ಕನ್ ಭಾಷಾವರ್ಗಕ್ಕೆ ವಿಶಿಷ್ಟವಾದ ಸ್ಥಾನವಿದೆ. ಈ ವರ್ಗದ ನುಡಿಗಳನ್ನಾಡುವ ಸಮುದಾಯಗಳು ಒಂದಕ್ಕೊಂದು ಬಹುದೂರದ ಮೂರು ಪ್ರದೇಶಗಳಲ್ಲಿ ಹಂಚಿಹೋಗಿವೆ. ಅಲಾಸ್ಕಾದ ಒಳನಾಡು ಹಾಗೂ ವಾಯವ್ಯ ಕೆನಡಾದ ಶೀತಾರಣ್ಯ ಒಂದು ನೆಲೆ. ಹೂಪಾ, ತೊಲೊವಾ ಮುಂತಾದವರಿರುವ ಕ್ಯಾಲಿಫೋರ್ನಿಯಾ ಮತ್ತು ಆರೆಗಾನ್‌ಗಳ ಪೆಸಿಫಿಕ್ ಸೀಮೆ ಇನ್ನೊಂದು. ನವಾಹೊ ಮತ್ತು ಅಪಾಚೆ ಜನರು ಬದುಕುತ್ತಿರುವ ಅರಿಜೋನಾ, ನ್ಯೂ ಮೆಕ್ಸಿಕೊಗಳ ಒಣಭೂಮಿ ಮತ್ತೊಂದು. 'ಅಥಪಾಸ್ಕನ್' ಎಂಬುದು ಈ ಜನ ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ನೆರೆಯ ಕ್ರೀ ಭಾಷೆಯಿಂದ ಬಂದ ಸರೋವರವೊಂದರ ಹೆಸರನ್ನು 1836ರಲ್ಲಿ ಆಲ್ಬರ್ಟ್ ಗ್ಯಾಲಟಿನ್ ಇಡೀ ವರ್ಗಕ್ಕೆ ಅನ್ವಯಿಸಿದರು. ಉತ್ತರದ ಹಲವರು ತಮ್ಮನ್ನು 'ದೆನೆ' ಎಂದೂ ನವಾಹೊಗಳು 'ದಿನೆ' ಎಂದೂ ಕರೆದುಕೊಳ್ಳುತ್ತಾರೆ. ಎರಡರ ಅರ್ಥವೂ 'ಜನ' ಎಂದೇ.

ಹೆಸರಿನ ವಿಷಯದಲ್ಲಿ ನಡೆದದ್ದೇ ಚರಿತ್ರೆಯ ವಿಷಯದಲ್ಲೂ ನಡೆದಿದೆ. ಈ ಜನ ಎಲ್ಲಿಂದ ಬಂದರು ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಬಹುಕಾಲ ಅವರ ಕಥನಗಳಿಗೆ ದೊರೆಯಲಿಲ್ಲ. 1915ರಲ್ಲಿ ಮಾನವಶಾಸ್ತ್ರಜ್ಞ ರಾಬರ್ಟ್ ಲೋವಿ ಮೌಖಿಕ ಪರಂಪರೆಗೆ ಯಾವ ಸಂದರ್ಭದಲ್ಲಿಯೂ ಚಾರಿತ್ರಿಕ ಮೌಲ್ಯವಿಲ್ಲವೆಂದು ವಾದಿಸಿದರು. ಭಾಷಾಶಾಸ್ತ್ರ, ಪುರಾತತ್ತ್ವಗಳಂಥ ವಸ್ತುನಿಷ್ಠ ವಿಧಾನಗಳಿಂದಲೇ ಗತವನ್ನು ಅರಿಯಬೇಕು ಎಂಬುದು ಅವರ ನಿಲುವಿನ ಸಾರ. ಅಥಪಾಸ್ಕನ್ ಅಧ್ಯಯನ ಬೆಳೆದದ್ದು ಬಹುಮಟ್ಟಿಗೆ ಈ ನಿಲುವಿನ ನೆರಳಿನಲ್ಲಿಯೇ.

ಆ ವಿಧಾನಗಳ ಸಾಧನೆ ಅಲ್ಪವಾದುದಲ್ಲ. ಎಡ್ವರ್ಡ್ ಸಪೀರ್ 1936ರಲ್ಲಿ ಪ್ರಕಟಿಸಿದ ಕಿರುಲೇಖನ ಇದಕ್ಕೆ ಉತ್ತಮ ನಿದರ್ಶನ. ನವಾಹೊ ಭಾಷೆಯ ಕೆಲವೇ ಪದಗಳನ್ನು ಹಿಡಿದು ಆ ಜನರ ಉತ್ತರದ ಮೂಲವನ್ನು ಅವರು ತೋರಿಸಿಕೊಟ್ಟರು. ಸೋರೆಬುರುಡೆಯ ಸೌಟಿಗೆ ನವಾಹೊಗಳು ಬಳಸುವ ಪದ ಉತ್ತರದ ನುಡಿಗಳಲ್ಲಿ ಪ್ರಾಣಿಯ ಕೊಂಬಿಗೆ ಸಂಬಂಧಿಸಿದ್ದು. ಬಿತ್ತಿದ ಬೀಜ ನೆಲದ ಮೇಲೆ ಹರಡಿರುವುದನ್ನು ಹೇಳುವ ಕ್ರಿಯಾಪದದ ಹಿಂದೆ ಹಿಮದ ಹಳಕು ನೆಲಕ್ಕೆ ಬಿದ್ದಿರುವ ಚಿತ್ರವಿದೆ. ನಿದ್ದೆಗೇಡನ್ನು ಸೂಚಿಸುವ ನುಡಿಗಟ್ಟಿನಲ್ಲಿ ದೋಣಿ ಜಾರಿ ಸಾಗುವ ಹಳೆಯ ಕ್ರಿಯಾಪದ ಅಡಗಿದೆ. ಮೆಕ್ಕೆಜೋಳದ ಹೆಸರಿಗೆ 'ಪರಕೀಯರ ಆಹಾರ' ಎಂಬ ಅರ್ಥ ಹೊಮ್ಮುತ್ತದೆ. ಮರುಭೂಮಿಯ ಬೇಸಾಯಗಾರರ ಬಾಯಲ್ಲಿ ಹಿಮ ಮತ್ತು ದೋಣಿಗಳ ನೆನಪು ಅವರ ಅರಿವಿಲ್ಲದೆಯೇ ಉಳಿದುಬಂದಿದೆ ಎಂಬ ಈ ನಿರೂಪಣೆ ಇಂದಿಗೂ ಮಹತ್ವದ್ದಾಗಿದೆ.

ಪುರಾತತ್ತ್ವವೂ ಇದೇ ದಿಕ್ಕಿನಲ್ಲಿ ಸಾಗಿದೆ. ಯೂಟಾ ರಾಜ್ಯದ ಮಹಾ ಲವಣ ಸರೋವರದ ಬಳಿಯ ಪ್ರಾಮಂಟರಿ ಗುಹೆಗಳನ್ನು ಜೂಲಿಯನ್ ಸ್ಟೀವರ್ಡ್ 1930–31ರಲ್ಲಿ ಉತ್ಖನನ ಮಾಡಿದಾಗ ಚರ್ಮದ ಪಾದರಕ್ಷೆಗಳು ಹೇರಳವಾಗಿ ದೊರೆತವು. ಅವುಗಳ ಹೊಲಿಗೆಯ ರೀತಿ ಉತ್ತರದ ಶೀತಾರಣ್ಯದ ಜನರದ್ದಕ್ಕೆ ಹತ್ತಿರವಾದುದು. ಜಾನ್ ಐವ್ಸ್ ಮತ್ತು ಸಂಗಡಿಗರ ಈಚಿನ ಶೋಧಗಳು ಈ ನೆಲೆಯ ಮುಖ್ಯ ಕಾಲವನ್ನು ಕ್ರಿ.ಶ. 13ನೆಯ ಶತಮಾನವೆಂದು ನಿರ್ಧರಿಸಿವೆ. ಪಾದರಕ್ಷೆಗಳಲ್ಲಿ ಬಹಳಷ್ಟು ಮಕ್ಕಳ ಅಳತೆಯವು ಎಂಬ ಸಂಗತಿ ವಿಶೇಷವಾಗಿ ಗಮನಾರ್ಹ. ಇಲ್ಲಿ ನೆಲೆಸಿದ್ದುದು ಬೇಟೆಗಾರ ಗಂಡಸರ ತಂಡವಷ್ಟೇ ಅಲ್ಲ, ಸಂಸಾರ ಕಟ್ಟಿಕೊಂಡು ಬೆಳೆಯುತ್ತಿದ್ದ ಸಮುದಾಯ. ವಲಸೆಗೆ ಕಾರಣವನ್ನು ಹುಡುಕಿದವರು ಕ್ರಿ.ಶ. 850ರ ಸುಮಾರಿಗೆ ಅಲಾಸ್ಕಾ–ಯೂಕಾನ್ ಗಡಿಯ ಬಳಿ ಸಂಭವಿಸಿದ ಭಾರಿ ಜ್ವಾಲಾಮುಖಿ ಸ್ಫೋಟದತ್ತ ಬೊಟ್ಟುಮಾಡಿದ್ದಾರೆ. ಇದು ಇನ್ನೂ ಊಹೆಯ ಹಂತದಲ್ಲಿಯೇ ಇದೆ. ಸೈಬೀರಿಯಾದ ಯೆನಿಸೇಯ್ ನದಿಯ ಕೆಟ್ ಭಾಷೆಗೂ ಈ ವರ್ಗಕ್ಕೂ ನಂಟಿದೆಯೆಂದು ಎಡ್ವರ್ಡ್ ವಾಯ್ದಾ 2008ರಲ್ಲಿ ಮಂಡಿಸಿದ ವಾದವೂ ವಿದ್ವಾಂಸರೆಲ್ಲರ ಒಪ್ಪಿಗೆ ಪಡೆದಿಲ್ಲ.

ಈ ಆಕರಗಳ ಎದುರಿಗೆ ಜನರ ಕಥನಗಳನ್ನಿಟ್ಟು ನೋಡಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ಆಲ್ಬರ್ಟಾ ಪ್ರಾಂತ್ಯದ ತ್ಸೂತಿನಾ ಜನರ ಕಥೆಯ ಪ್ರಕಾರ, ಪೂರ್ವಿಕರು ಹೆಪ್ಪುಗಟ್ಟಿದ ಸರೋವರವೊಂದನ್ನು ದಾಟುತ್ತಿದ್ದಾಗ ಮಂಜುಗಡ್ಡೆಯಿಂದ ಹೊರಚಾಚಿದ್ದ ಕೊಂಬೊಂದನ್ನು ಮಗುವೊಂದು ಬೇಕೆಂದು ಹಟ ಹಿಡಿಯಿತು. ಕೊಂಬನ್ನು ಕೀಳಲು ಹೋದಾಗ ಮಂಜುಗಡ್ಡೆ ಬಿರಿಯಿತು, ಜನ ಇಬ್ಭಾಗವಾದರು, ದಕ್ಷಿಣದ ದಡ ಸೇರಿದವರು ತ್ಸೂತಿನಾ ಆದರು. ಈ ಕಥೆ ಭಾಷಾಶಾಸ್ತ್ರದ ನಿರ್ಣಯಕ್ಕೆ ಅನುಕೂಲವಾಗಿರುವುದರಿಂದ ಇದನ್ನು 'ವಲಸೆಯ ನೆನಪು' ಎಂದು ಸ್ವೀಕರಿಸುವುದು ಸುಲಭ. ಆದರೆ ನವಾಹೊಗಳ ಕಥನ ಹಾಗಿಲ್ಲ. ಅವರ ಪೂರ್ವಿಕರು ಉತ್ತರದಿಂದ ನಡೆದು ಬಂದವರಲ್ಲ. ಕೆಳಲೋಕಗಳನ್ನು ಒಂದೊಂದಾಗಿ ದಾಟಿ ಈ ನೆಲದಿಂದಲೇ ಮೇಲೆ ಬಂದವರು. ನಾಲ್ಕು ದಿಕ್ಕಿನ ನಾಲ್ಕು ಪವಿತ್ರ ಪರ್ವತಗಳ ನಡುವಣ ಭೂಮಿ ಅವರಿಗಾಗಿಯೇ ಏರ್ಪಟ್ಟದ್ದು. ಅನುಕೂಲವಾದ ಕಥೆಯನ್ನು ಚರಿತ್ರೆಯೆಂದೂ ಅನುಕೂಲವಾಗದ್ದನ್ನು ಪುರಾಣವೆಂದೂ ಕರೆಯುವುದು ವಿಧಾನವೆನಿಸಲಾರದು. ಎರಡೂ ಕಡೆ ಕಥನವನ್ನು ಅದರ ಹೊರಗಿನ ಅಳತೆಗೋಲಿನಿಂದಲೇ ಅಳೆಯಲಾಗಿದೆ.

ಕನ್ನಡ ಜಾನಪದ ಅಧ್ಯಯನದಲ್ಲಿ ರೂಢಿಯಲ್ಲಿರುವ 'ಕುಲಪುರಾಣ', 'ಸ್ಥಳಪುರಾಣ' ಎಂಬ ಪರಿಕಲ್ಪನೆಗಳು ಇಲ್ಲಿ ನೆರವಿಗೆ ಬರುತ್ತವೆ. ಕುಲಪುರಾಣ ಕುಲವೊಂದು ಹೇಗೆ ಉಂಟಾಯಿತು, ಯಾರೊಡನೆ ಅದರ ನಂಟು ಎಂಬುದನ್ನು ಹೇಳುತ್ತದೆ. ಸ್ಥಳಪುರಾಣ ಒಂದು ಎಡೆಗೆ ಆ ಮಹತ್ವ ಏಕೆ ಎಂಬುದನ್ನು ಹೇಳುತ್ತದೆ. ವಾಷಿಂಗ್ಟನ್ ಮ್ಯಾಥ್ಯೂಸ್ 1897ರಲ್ಲಿ ಪ್ರಕಟಿಸಿದ ನವಾಹೊ ಕಥನಗಳನ್ನು ಈ ದೃಷ್ಟಿಯಿಂದ ಓದಿದರೆ ಅವುಗಳಲ್ಲಿ ವಲಸೆಯೇ ಇಲ್ಲವೆಂಬ ಮಾತು ನಿಲ್ಲುವುದಿಲ್ಲ. 'ಬದಲಾಗುವ ಹೆಣ್ಣು' ಎಂಬ ದೇವತೆ ಪಶ್ಚಿಮದಲ್ಲಿ ಸೃಷ್ಟಿಸಿದ ಜನ ಬಂಧುಗಳನ್ನು ಅರಸಿ ಪೂರ್ವಕ್ಕೆ ನಡೆಯುತ್ತಾರೆ; ದಾರಿಯಲ್ಲಿ ದೊರೆತ ನೀರಿನ ಗುಣದಿಂದ 'ಕಹಿನೀರಿನವರು' ಮುಂತಾದ ಕುಲನಾಮಗಳು ಹುಟ್ಟುತ್ತವೆ. ಹೇಮೆಸ್ ಮುಂತಾದ ಪ್ವೆಬ್ಲೊ ಊರುಗಳಿಂದ ಬಂದು ಸೇರಿದವರ ಕುಲಗಳೂ ಇವೆ. ಅಂದರೆ ಕಥನ ತಾನೇ ಒಪ್ಪಿಕೊಳ್ಳುವ ಸಂಗತಿ ಇದು: ನವಾಹೊ ಎಂಬುದು ಹಲವು ಕಡೆಯಿಂದ ಬಂದವರು ಕೂಡಿ ಆದ ಜನ.

ವಿದ್ವಾಂಸರ ಭೂಪಟದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಎಳೆದ ಒಂದೇ ಬಾಣದ ಗುರುತಿನಲ್ಲಿ ಈ ಕೂಡಿಕೆ ಕಾಣಿಸುವುದಿಲ್ಲ. ತಾಯಿಯ ಕಡೆಯಿಂದ ಹರಿದುಬರುವ ವಂಶವಾಹಿಗಳ ಅಧ್ಯಯನಗಳು ದಕ್ಷಿಣದ ಅಥಪಾಸ್ಕನ್ನರಲ್ಲಿ ನೆರೆಯ ಸಮುದಾಯಗಳ ಹೆಣ್ಣುಮಕ್ಕಳ ಪಾಲು ಗಣನೀಯವೆಂದು ತೋರಿಸಿವೆ. ತಾಯಿಯಿಂದ ಕುಲವನ್ನೆಣಿಸುವ ಸಮಾಜವೊಂದು ತನ್ನ ಕುಲಕಥನಗಳಲ್ಲಿ ಮೊದಲೇ ಹೇಳಿಕೊಂಡು ಬಂದದ್ದಕ್ಕೆ ಇದು ದೂರವಾದುದಲ್ಲ. ಸಪೀರ್ ತೋರಿಸಿದ್ದು ಭಾಷೆಯ ದಾರಿ. ಆ ಭಾಷೆಯನ್ನಾಡುವ ಇಂದಿನ ಜನರ ಪೂರ್ವಿಕರೆಲ್ಲರೂ ಅದೇ ದಾರಿಯಲ್ಲಿ ಬಂದವರೆಂದು ಅದರಿಂದ ಸಿದ್ಧವಾಗುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ತುದಿಯನ್ನೂ ಪರಿಶೀಲಿಸಬೇಕು. ಸೂ ಸಮುದಾಯದ ಚಿಂತಕ ವೈನ್ ಡೆಲೋರಿಯಾ 1995ರ ತಮ್ಮ ಕೃತಿಯಲ್ಲಿ ಬೇರಿಂಗ್ ಭೂಸೇತುವೆಯ ಸಿದ್ಧಾಂತವನ್ನೇ ನಿರಾಕರಿಸಿ ಮೂಲನಿವಾಸಿಗಳ ಕಥನಗಳನ್ನು ಎದುರಿಗಿಟ್ಟರು. ವಿಜ್ಞಾನದ ಯಜಮಾನಿಕೆಯನ್ನು ಪ್ರಶ್ನಿಸಿದ್ದು ಅವರ ಹೆಚ್ಚುಗಾರಿಕೆ. ಆದರೆ ಸೃಷ್ಟಿಕಥನವನ್ನು ಭೂವಿಜ್ಞಾನದ ಪ್ರತಿಸ್ಪರ್ಧಿಯಾಗಿ ನಿಲ್ಲಿಸಿದೊಡನೆ ಲೋವಿಯ ಅಳತೆಗೋಲನ್ನೇ ಒಪ್ಪಿಕೊಂಡಂತಾಗುತ್ತದೆ. ಈ ದೃಷ್ಟಿಯಿಂದ ಕೀತ್ ಬಾಸೊ ಅವರ 1996ರ ಅಪಾಚೆ ಅಧ್ಯಯನ ಹೆಚ್ಚು ಫಲಪ್ರದ. ಸ್ಥಳನಾಮಗಳು ನಡತೆಯನ್ನು ತಿದ್ದುವ, ಪೂರ್ವಿಕರ ಹೆಜ್ಜೆಯಲ್ಲಿ ಇಂದಿನವರನ್ನು ನಿಲ್ಲಿಸುವ ಜ್ಞಾನವಾಗಿವೆ ಎಂಬುದನ್ನು ಅದು ವಿವರಿಸುತ್ತದೆ.

ಈ ವಾಗ್ವಾದ ಕೇವಲ ವಿದ್ವತ್ತಿನ ಮಟ್ಟದಲ್ಲಿ ಉಳಿದಿಲ್ಲ. ಬ್ರಿಟಿಷ್ ಕೊಲಂಬಿಯಾದ ಅಥಪಾಸ್ಕನ್ ಸಮುದಾಯವಾದ ವೆಟ್ಸುವೆಟೆನ್ನರು ನೆರೆಯ ಗಿಟ್ಕ್ಸಾನರೊಡಗೂಡಿ ಸುಮಾರು 58,000 ಚದರ ಕಿಲೋಮೀಟರ್ ಭೂಮಿಯ ಮೇಲಿನ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದಾಗ ದಾಖಲೆಯಾಗಿ ಮುಂದಿಟ್ಟದ್ದು ತಮ್ಮ ಮನೆತನಗಳ ಹಾಡು ಮತ್ತು ಕಥನಗಳನ್ನು. 1991ರಲ್ಲಿ ನ್ಯಾಯಮೂರ್ತಿ ಅಲನ್ ಮೆಕೀಚರ್ನ್ ಅವುಗಳಿಗೆ ಸ್ವತಂತ್ರ ಸಾಕ್ಷ್ಯದ ಬೆಲೆ ಕೊಡಲಿಲ್ಲ. ಲೋವಿಯ ನಿಲುವು ಇಲ್ಲಿ ತೀರ್ಪಿನ ರೂಪ ತಾಳಿತು ಎನ್ನಬಹುದು. 1997ರ ಡಿಸೆಂಬರ್ 11ರಂದು ಕೆನಡಾದ ಸರ್ವೋಚ್ಚ ನ್ಯಾಯಾಲಯ 'ಡೆಲ್ಗಮೂಕ್' ಪ್ರಕರಣದಲ್ಲಿ ಈ ತೀರ್ಪನ್ನು ತಳ್ಳಿಹಾಕಿ, ಮೌಖಿಕ ಚರಿತ್ರೆಯನ್ನು ಲಿಖಿತ ದಾಖಲೆಗಳೊಡನೆ ಸಮಸ್ಥಾನದಲ್ಲಿರಿಸಿ ಪರಿಗಣಿಸಬೇಕೆಂದು ವಿಧಿಸಿತು. ಆದರೂ ನ್ಯಾಯಾಲಯ ಭೂಮಿಯ ಒಡೆತನವನ್ನು ನಿರ್ಣಯಿಸಲಿಲ್ಲ. ಹೊಸ ವಿಚಾರಣೆಗೆ ಆದೇಶಿಸಿತು. ಆ ವಿಚಾರಣೆ ನಡೆಯಲೇ ಇಲ್ಲ. ನವಾಹೊ ರಾಷ್ಟ್ರ 2002ರಲ್ಲಿ ತನ್ನ ಜನರ ಮೇಲಿನ ವಂಶವಾಹಿ ಸಂಶೋಧನೆಗೆ ತಡೆಯೊಡ್ಡಿದ್ದನ್ನೂ ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. 'ನಿನ್ನೆ ಮೊನ್ನೆ ಬಂದವರು' ಎಂಬ ಹಣೆಪಟ್ಟಿ ಯಾವಾಗ ಬೇಕಾದರೂ ಭೂಮಿಯ ಪ್ರಶ್ನೆಯಾಗಿ ತಿರುಗಬಲ್ಲದು.

ಒಟ್ಟಿನಲ್ಲಿ, ಪದ, ಪಾದರಕ್ಷೆ, ವಂಶವಾಹಿ ಮತ್ತು ಕಥನ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುವ ಆಕರಗಳು. ಭಾಷೆ ಎತ್ತಣಿಂದ ಬಂತು ಎಂಬುದಕ್ಕೆ ಸಪೀರರ ಪದಗಳು ಸಾಕ್ಷಿ ನುಡಿಯುತ್ತವೆ. ಬಂದವರು ಯಾರೊಡನೆ ಕೂಡಿ ಜನವಾದರು, ಯಾವ ಕಟ್ಟುಪಾಡಿನಿಂದ ಈ ನೆಲ ಅವರದಾಯಿತು ಎಂಬುದನ್ನು ಕುಲಕಥನಗಳು ಹೇಳುತ್ತವೆ. ಮೊದಲನೆಯದನ್ನು ಕೇಳಿ ಎರಡನೆಯದನ್ನು ಕೈಬಿಟ್ಟ ಪ್ರಾಗಿತಿಹಾಸ ಅಪೂರ್ಣವಾದುದು. ಉಗಮ ಕಥನಗಳನ್ನು ಸಂಗ್ರಹಿಸುವ ಜಾನಪದ ವಿದ್ವಾಂಸರು ಕಾಲನಿರ್ಣಯಕ್ಕೆ ಕೈಹಾಕುವ ಮುನ್ನ ಆ ಕಥನವನ್ನು ಯಾರು, ಯಾರ ಮುಂದೆ, ಯಾವ ಹಕ್ಕಿನಿಂದ ಹೇಳುತ್ತಿದ್ದಾರೆ ಎಂಬುದನ್ನು ದಾಖಲಿಸಿಕೊಳ್ಳುವುದು ಅಗತ್ಯ.