ಆತಕೂರಿನ ನಾಯಿಯೂ ಇರ್ಕಂಡುಗ ಮಣ್ಣೂ

ಆತಕೂರು ಶಾಸನ ಅಂದರೆ ನಾಯಿಗೆ ಹಾಕಿಸಿದ ವೀರಗಲ್ಲು ಅಂತ ಈಗ ಶಾಸನಾಸಕ್ತರಲ್ಲಿ ಗೊತ್ತಿಲ್ಲದವರು ಕಡಿಮೆ. ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಅದರ ಫೋಟೊ ನನ್ನ ವಾಟ್ಸಾಪ್‌ಗೆ ಬರುತ್ತದೆ. ಕೆಳಗೆ ಎರಡು ಸಾಲು ಇರುತ್ತದೆ: ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು, ಅದಕ್ಕೆ ಕಲ್ಲು ನಿಲ್ಲಿಸಿದರು. ಸಂತೋಷವೇ. ಹತ್ತನೆಯ ಶತಮಾನದ ಒಂದು ಕಲ್ಲಿನ ಹೆಸರು ಜನರ ಬಾಯಲ್ಲಿ ಓಡಾಡುತ್ತಿದೆ ಅಂದರೆ ಸಣ್ಣ ಮಾತಲ್ಲ. ನನ್ನ ತಕರಾರು ಇರುವುದು ಆ ಎರಡು ಸಾಲಿಗೇ ಓದು ಮುಗಿಯಿತು ಅನ್ನುವ ಧೋರಣೆಯ ಮೇಲೆ. ಏಕೆಂದರೆ ಶಾಸನ ಅಲ್ಲಿಗೆ ಮುಗಿಯುವುದಿಲ್ಲ. ಕಲ್ಲನ್ನು ಬರೆಸಿದ್ದು ಯಾವುದಕ್ಕೆ ಅನ್ನುವುದು ಇನ್ನೂ ಮುಂದಿದೆ.

ಕಲ್ಲು ಈಗಿರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಮೂಲ ಸ್ಥಳ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 3ನೇ ಸಂಪುಟದಲ್ಲಿ ಮಂಡ್ಯ 41 ಅಂತ ಹುಡುಕಿದರೆ ಸಿಗುತ್ತದೆ. ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಇದನ್ನು ಸಂಪಾದಿಸಿದ್ದಾರೆ. ಎರಡೂ ಇಂಟರ್ನೆಟ್ಟಿನಲ್ಲಿ ಉಚಿತವಾಗಿವೆ. ನನ್ನ ಹಾಗೆ ಹಗಲು ಕಂಪನಿ ಕೆಲಸ, ರಾತ್ರಿ ಹಳಗನ್ನಡ ಅಂತ ಕೂತವರಿಗೂ ಮೂಲಪಾಠ ಕೈಗೆಟುಕುವ ಹಾಗಿದೆ. ಹಾಗಿದ್ದೂ ನಾವು ಫಾರ್ವರ್ಡ್ ಮೆಸೇಜನ್ನೇ ಓದುತ್ತೇವೆ.

ಶಾಸನದ ಕಾಲ ಶಕ 872, ಸೌಮ್ಯ ಸಂವತ್ಸರ. 872ಕ್ಕೆ 78 ಕೂಡಿಸಿ ಕ್ರಿ.ಶ. 950 ಅಂತ ಬರೆದುಬಿಡುತ್ತಾರೆ. ಸೌಮ್ಯ ಸಂವತ್ಸರ ಬರುವುದು 949-50ರಲ್ಲಿ, ಅಂದರೆ ಇಲ್ಲಿ ಲೆಕ್ಕ ನಡೆಯುತ್ತಿರುವ ಶಕವರ್ಷದ್ದು, ಕಳೆದ ವರ್ಷದ್ದಲ್ಲ. ಒಂದು ವರ್ಷಕ್ಕೇನು ಮಹಾ ಅನ್ನಬೇಡಿ. ತಕ್ಕೋಲದ ಯುದ್ಧದ ಕಾಲವನ್ನು 949 ಅಂತ ಗೊತ್ತುಮಾಡುವಾಗ ಇದೇ ಕಲ್ಲು ಸಾಕ್ಷಿಗೆ ಬಂದು ನಿಲ್ಲುತ್ತದೆ.

ತಕ್ಕೋಲ ಇರುವುದು ತಮಿಳುನಾಡಿನ ಅರಕ್ಕೋಣಂ ಹತ್ತಿರ. ರಾಷ್ಟ್ರಕೂಟರ ಮೂರನೇ ಕೃಷ್ಣ, ಅಂದರೆ ಕನ್ನರದೇವ, ಚೋಳರ ಮೇಲೆ ದಂಡೆತ್ತಿ ಹೋದಾಗ ಗಂಗರ ಇಮ್ಮಡಿ ಬೂತುಗ ಅವನ ಜೊತೆಗಿದ್ದ. ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಬೂತುಗ ಅನ್ನುತ್ತದೆ ಶಾಸನ. ಇಲ್ಲಿ ಓದುವವರನ್ನು ಬಹಳ ಕಾಲ ಕಾಡಿದ ಒಂದು ಮಾತಿದೆ. ಆನೆಯ ಮೇಲಿನ ಆಸನವೇ ಕಳವಾಗಿ ಇರಿದ ಅಂತ ಅರ್ಥ ಮಾಡಿದರೆ ಬೂತುಗ ಆನೆ ಮೇಲಿನ ಅಂಬಾರಿಯನ್ನೇ ರಣರಂಗ ಮಾಡಿಕೊಂಡ ವೀರ. 'ಕಳ'ವನ್ನು 'ಕಳ್ಳ'ನ ಕಡೆ ಎಳೆದರೆ ಅವನು ಮೋಸದಿಂದ ಇರಿದವನು. ಮೊದಮೊದಲು ಮೋಸ ಅಂತಲೇ ತಿಳಿದರು, ಆಮೇಲೆ ತಿದ್ದಿದರು. ಚೋಳರ ಕಡೆಯ ಲೈಡನ್ ತಾಮ್ರಪಟಗಳೂ ರಾಜಾದಿತ್ಯ ಆನೆಯ ಮೇಲೆಯೇ ಮಡಿದ ಅನ್ನುತ್ತವೆ. ಒಂದು ಒತ್ತಕ್ಷರ ಹಾಕಿದರೆ ಒಬ್ಬ ದೊರೆಯ ಚಾರಿತ್ರ್ಯ ಬದಲಾಗುತ್ತದೆ. ಈಗಲೂ ಕೆಲವರು ಬೂತುಗನ ಕುತಂತ್ರ ಅಂತ ಉಪನ್ಯಾಸದಲ್ಲಿ ಹೇಳುವುದನ್ನು ಕೇಳಿದ್ದೇನೆ. ತಿದ್ದುಪಡಿ ಬಂದು ನೂರು ವರ್ಷದ ಮೇಲಾಯಿತು ಸ್ವಾಮಿ.

ಬೂತುಗನಿಗೆ ಕೃಷ್ಣ ಕೊಟ್ಟದ್ದು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಬೂತುಗನ ಆಳು ಮಣಲೆರ, ಸಗರವಂಶದವನು. ಯುದ್ಧದಲ್ಲಿ ಇವನು ಮುಂದೆ ನಿಂತು ಕಾದಿದ್ದಕ್ಕೆ ಆತುಕೂರು ಹನ್ನೆರಡು ಬಾಳ್ಗಚ್ಚಾಗಿ ಬಂತು. ಬಾಳ್ಗಚ್ಚು ಅಂದರೆ ಕತ್ತಿ ತೊಳೆದು ಕೊಡುವ ಭೂಮಿ. ಹಲ್ಮಿಡಿ ಶಾಸನ ನೋಡಿದವರಿಗೆ ಈ ಮಾತಿನ ಹಳೆಯ ರೂಪ ಪರಿಚಿತ. ಒಡೆಯ ಮೆಚ್ಚಿ ಏನು ಬೇಕು ಕೇಳು ಅಂದಾಗ ಮಣಲೆರ ಕೇಳಿದ್ದು ಕಾಳಿಯನ್ನು. ಆ ನಾಯಿಯನ್ನು ಕೇರೆನಾಡಿನ ಬೆಳತೂರ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿ ಹಂದಿ ಎರಡೂ ಸತ್ತವು. ಗಮನಿಸಿ: ನಾಯಿ ಸತ್ತದ್ದು ಬೇಟೆಯಲ್ಲಿ, ತಕ್ಕೋಲದಲ್ಲಿ ಅಲ್ಲ. ಅದನ್ನು ಯುದ್ಧಭೂಮಿಗೆ ಕರೆದುಕೊಂಡು ಹೋಗಿ ಚೋಳರ ಮೇಲೆ ಬಿಡುವ ಕಥೆಗಳೂ ಹುಟ್ಟಿಕೊಂಡಿವೆ. ಅವಕ್ಕೆ ಶಾಸನದಲ್ಲಿ ಆಧಾರ ಇಲ್ಲ.

ಇಷ್ಟೆಲ್ಲ ರಾಜರು, ಯುದ್ಧ, ಬಿರುದು. ಆದರೆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ನಾಯಿ ಮತ್ತು ಹಂದಿಯದು ಮಾತ್ರ. ಬೂತುಗನೂ ಇಲ್ಲ, ಮಣಲೆರನೂ ಇಲ್ಲ. ಜನಪ್ರಿಯ ಕಥೆ ನಾಯಿಯನ್ನು ಹಿಡಿದುಕೊಂಡಿದ್ದರಲ್ಲಿ ಹಾಗಾಗಿ ಪೂರ್ತಿ ತಪ್ಪಿಲ್ಲ. ಬಿಟ್ಟಿದ್ದು ಕೊನೆಯ ಭಾಗವನ್ನು.

ಕೊನೆಯ ಭಾಗದಲ್ಲಿ ಏನಿದೆ ಅಂದರೆ: ಆತುಕೂರಿನಲ್ಲಿ ಚಲ್ಲೇಶ್ವರದ ಮುಂದೆ ಕಲ್ಲು ನೆಡಿಸಿದರು. ಪಿರಿಯ ಕೆರೆಯ ಕೆಳಗೆ ಮೞ್ತಿಕಾಳಂಗ ಎಂಬಲ್ಲಿ ಇರ್ಕಂಡುಗ ಮಣ್ಣು ಬಿಟ್ಟರು. ನಾಡನ್ನು ಆಳುವವನಾಗಲಿ ಊರನ್ನು ಆಳುವವನಾಗಲಿ ಆ ಮಣ್ಣನ್ನು ಅಳಿದರೆ ನಾಯಿ ಗೆಯ್ದ ಪಾಪ ಅವನಿಗೆ. ಆ ಸ್ಥಾನವನ್ನು ಆಳುವ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಅದೇ ಪಾಪ ಅವನಿಗೂ.

ಇದು ಕಥೆಯಲ್ಲ, ವ್ಯವಸ್ಥೆ. ಯಾವ ಜಾಗ, ಎಷ್ಟು ಭೂಮಿ, ಯಾರು ಮಾಡಬೇಕು, ಯಾವಾಗ ಮಾಡಬೇಕು, ಮಾಡದಿದ್ದರೆ ಏನು ಅನ್ನುವುದೆಲ್ಲ ಬರೆದಿದೆ. ಇಂಜಿನಿಯರ್ ಕಣ್ಣಿಗೆ ಇದು ಶುದ್ಧ ಮೇಂಟೆನೆನ್ಸ್ ಕರಾರು. ಕಂಡುಗ ಇಲ್ಲಿ ಉದ್ದಗಲದ ಅಳತೆ ಅಲ್ಲ, ಬಿತ್ತನೆ ಬೀಜದ ಅಳತೆ: ಎರಡು ಕಂಡುಗ ಬೀಜ ಹಿಡಿಯುವಷ್ಟು ನೆಲ. ಅದೂ ಕೆರೆಯ ಕೆಳಗೆ, ಅಂದರೆ ನೀರಾವರಿ ಇರುವ ಕಡೆ. ಬರಡು ಮೂಲೆಯನ್ನು ತೋರಿಸಿ ಕೈತೊಳೆದುಕೊಂಡಿಲ್ಲ. ಒಂದು ನಾಯಿಯ ಕಲ್ಲಿಗೆ ದಿನವೂ ಪೂಜೆ ನಡೆಯಬೇಕು, ನಡೆಸುವವನ ಊಟ ಅದಕ್ಕೆ ತಳಕು ಹಾಕಿಕೊಂಡಿರಬೇಕು ಅಂತ ಯಾರೋ ಕೂತು ಯೋಚಿಸಿದ್ದಾರೆ. ಗೊರವ ಅಂದರೆ ಶೈವ ಯತಿ, ಸ್ಥಾನದ ಒಡೆತನ ಅವನದು. ಇದನ್ನು ಸುಮ್ಮನೆ 'ಪೂಜಾರಿ' ಅಂತ ಅನುವಾದಿಸಿದರೆ ಅರ್ಧ ವಿಷಯ ಹೋಗುತ್ತದೆ.

ಶಾಪವನ್ನೂ ನೋಡಿ. ಸಾಮಾನ್ಯವಾಗಿ ಶಾಸನಗಳ ಕೊನೆಗೆ ಬರುವುದು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಮಾತು. ಎಲ್ಲ ಕಡೆ ಒಂದೇ ಅಚ್ಚು. ಇಲ್ಲಿ ಆ ಅಚ್ಚನ್ನು ಬಿಟ್ಟು 'ನಾಯಿ ಗೆಯ್ದ ಪಾಪ' ಅಂದಿದ್ದಾರೆ. ವೀರನೆಂದು ಕಲ್ಲು ನಿಲ್ಲಿಸಿದ ನಾಯಿಗೇ ಪಾಪವೂ ಇದೆ! ಬೇಟೆನಾಯಿ ತಾನೇ, ಬದುಕಿಡೀ ಕೊಂದದ್ದು ಎಷ್ಟೋ. ಮೆಚ್ಚುಗೆಯನ್ನೂ ಪಾಪವನ್ನೂ ಒಂದೇ ಕಲ್ಲಿನಲ್ಲಿ ಇಟ್ಟ ಆ ಮನಸ್ಸು ನನಗೆ 'ಸ್ವಾಮಿನಿಷ್ಠ ನಾಯಿ' ಅನ್ನುವ ಇವತ್ತಿನ ಶೀರ್ಷಿಕೆಗಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ನಿಷ್ಠೆ ಅನ್ನುವ ಮಾತನ್ನು ಸೇರಿಸಿದವರು ನಾವು.

ಇನ್ನು ಜಾಗದ ವಿಷಯ. ಕಲ್ಲು ಮ್ಯೂಸಿಯಮ್ಮಿಗೆ ಬಂದದ್ದು ಒಳ್ಳೆಯದೇ ಆಯಿತು ಅನ್ನುವವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಮಳೆ, ಸುಣ್ಣ, ರಸ್ತೆ ಕಾಮಗಾರಿ ಎಲ್ಲದರಿಂದ ಉಳಿಯಿತು. ಆದರೆ 'ಚಲ್ಲೇಶ್ವರದ ಮುಂದೆ' ಅನ್ನುವುದು ವಿಳಾಸ ಮಾತ್ರವಲ್ಲ, ಶಾಸನದ ಷರತ್ತು. ಕಲ್ಲು ಎದುರಿಗೆ ಇಲ್ಲದೆ ಗೊರವ ಪೂಜಿಸುವುದು ಎಲ್ಲಿ? ಹಾಗಾಗಿ ಮ್ಯೂಸಿಯಮ್ಮಿನಲ್ಲಿ ಇದನ್ನು ತೋರಿಸುವ ನಮ್ಮಂಥ ಹವ್ಯಾಸಿ ಗೈಡುಗಳು ಕನಿಷ್ಠ ಆ ದೇವಸ್ಥಾನ, ಆ ಕೆರೆ, ಆ ಗದ್ದೆಯ ಹೆಸರು ಹೇಳಬೇಕು. ಈಗ ಹೇಳುತ್ತಿರುವುದು ನಾಯಿಯ ಹೆಸರೊಂದೇ.

ಬೆಳತೂರನ್ನು ಹುಡುಕಿಕೊಂಡು ಹೊರಡುವವರಿಗೂ ಒಂದು ಮಾತು. ಮ್ಯಾಪಿನಲ್ಲಿ ಬರೀ ಊರ ಹೆಸರು ಹಾಕಿದರೆ ಬೆಂಗಳೂರಿನ ಕಾಡುಗೋಡಿ ಪಕ್ಕದ ಬೆಳತೂರಿಗೆ ಹೋಗಿ ನಿಲ್ಲುತ್ತೀರಿ. ಶಾಸನದ ಪುಸ್ತಕದಲ್ಲಿ ಹುಡುಕಿದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರು ಸಿಗುತ್ತದೆ. ಅದು 1057ರಲ್ಲಿ ಗಂಡನ ಚಿತೆಯೇರಿದ ದೇಕಬ್ಬೆಯ ಊರು, ನುಗುನಾಡು ನವಿಲೆನಾಡುಗಳ ಕಥೆ. ಕಾಳಿ ಸತ್ತದ್ದು ಕೇರೆನಾಡಿನ ಬೆಳತೂರಿನಲ್ಲಿ. ನಾಡಿನ ಹೆಸರನ್ನು ಶಾಸನಕಾರ ಸುಮ್ಮನೆ ಹಾಕಿಲ್ಲ, ಅವನ ಕಾಲದ ಪಿನ್‌ಕೋಡ್ ಅದು.

ಗದ್ದೆ ಬಯಲಿನ ಹೆಸರುಗಳು ಊರಿನ ಹೆಸರಿಗಿಂತ ಗಟ್ಟಿ. ಕ್ರಯಪತ್ರದಲ್ಲಿ, ಹಿರಿಯರ ಬಾಯಲ್ಲಿ, ನೀರು ಬಿಡುವವರ ಲೆಕ್ಕದಲ್ಲಿ ನಿಂತುಬಿಡುತ್ತವೆ. ಮೞ್ತಿಯ ೞಕಾರ ಈಗ ಳಕಾರವಾಗಿಯೋ ರಕಾರವಾಗಿಯೋ ಸವೆದಿರಬಹುದು. ಒತ್ತಕ್ಷರ ಎರಡು ತ ಆಗಿ 'ಮತ್ತಿ' ಅಂತಲೂ ಉಳಿದಿರಬಹುದು. ಮದ್ದೂರು ಕಡೆಯವರು ಯಾರಾದರೂ ಓದುತ್ತಿದ್ದರೆ ಆತಕೂರಿನ ಕೆರೆ ಕೆಳಗಿನ ಬಯಲುಗಳನ್ನು ಊರಿನವರು ಏನೇನು ಕರೆಯುತ್ತಾರೆ ಅಂತ ಕೇಳಿ, ಅವರು ಉಚ್ಚರಿಸಿದ ಹಾಗೇ ಬರೆದು ಕಳಿಸಿ. ಫೋಟೊ ಬೇಡ, ಹೆಸರು ಸಾಕು.