ಡಕೋಟಾ ಹಾರುತ್ತಿರುವಂತೆ ಕಾಣಬೇಕು

2024ರ ಆಗಸ್ಟ್‌ನಲ್ಲಿ ಕೊಯಮತ್ತೂರು ಬಳಿಯ ಸೂಲೂರು ವಾಯುನೆಲೆಯಲ್ಲಿ ನಡೆದ ‘ತರಂಗ ಶಕ್ತಿ’ ಸಮರಾಭ್ಯಾಸದ ವಿಮಾನಗಳಲ್ಲಿ ತೇಜಸ್, ರಫೇಲ್‌ನಂಥ ಜೆಟ್‌ಗಳದೇ ಮೆರೆದಾಟ. ಜೆಟ್ ಚಿತ್ರಕ್ಕೆ ಕ್ಯಾಮೆರಾದ ಶಟರ್ ವೇಗ 1/2000 ಸೆಕೆಂಡ್ ಇದ್ದರೆ ಸೊಗಸು. ಅದೇ ಶಟರ್ ವೇಗವನ್ನು ಹಳೆಯ ಪ್ರೊಪೆಲ್ಲರ್ ವಿಮಾನ ಡಕೋಟಾಕ್ಕೆ ಹೊತ್ತೊಯ್ದರೆ ಮಾತ್ರ ಚಿತ್ರ ಸಾಯುತ್ತದೆ. ಅದರ ಪ್ರೊಪೆಲ್ಲರ್ ಸೆಕೆಂಡಿಗೆ ಸುಮಾರು 20 ಸುತ್ತು ತಿರುಗುತ್ತದೆ. 1/2000ರಲ್ಲಿ ಅಲಗು ನಾಲ್ಕು ಡಿಗ್ರಿಯೂ ಸರಿಯುವುದಿಲ್ಲ; ವಿಮಾನ ದಾರಕ್ಕೆ ಕಟ್ಟಿದ ಆಟಿಕೆಯಂತಾಗುತ್ತದೆ. 1/125ಕ್ಕೆ ಇಳಿಸಿದರೆ ಅಲಗು ಆರನೇ ಒಂದು ಸುತ್ತು ಬರುತ್ತದೆ. ಆಗ ಮೂಗಿನ ಅಕ್ಕಪಕ್ಕ ಬೆಳಕಿನ ತೆಳು ಬಿಲ್ಲೆಗಳು ಮೂಡುತ್ತವೆ, ಎಂಜಿನ್‌ಗೆ ಉಸಿರು ಬರುತ್ತದೆ.

ನಿಧಾನ ಶಟರ್‌ನಲ್ಲಿ ಚಿತ್ರ ಕಲಸಿಹೋಗುತ್ತದಲ್ಲ, ಚರಿತ್ರೆಯ ದಾಖಲೆಗೆ ಸ್ಪಷ್ಟತೆ ಬೇಡವೇ ಎಂಬ ಆಕ್ಷೇಪ ಹಗುರವಾದುದಲ್ಲ. ವಾಯುಪಡೆಯ ಡಕೋಟಾ ‘ಪರಶುರಾಮ’ನ ಮೈಮೇಲಿನ ವಿಪಿ 905 ಎಂಬ ಸಂಖ್ಯೆ ಓದಲು ಸಿಗಲೇಬೇಕು. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ ವಿಮಾನದ ಸಂಖ್ಯೆ ಅದು. ಆಗ ಸಂಸದರಾಗಿದ್ದ ರಾಜೀವ್ ಚಂದ್ರಶೇಖರ್ ಕೊಡುಗೆಯಾಗಿ ಕೊಟ್ಟ ‘ಪರಶುರಾಮ’ 2018ರಲ್ಲಿ ಆ ಸಂಖ್ಯೆಯನ್ನೇ ಹೊತ್ತು ಬಂತು. ಆದರೆ ರಿವೆಟ್ಟು, ಬಣ್ಣ, ಸಂಖ್ಯೆಗಳನ್ನು ನಿಂತ ವಿಮಾನದಲ್ಲೇ ಚೆನ್ನಾಗಿ ಹಿಡಿಯಬಹುದು. ಹಾರಾಟದ ಚಿತ್ರ ತೆಗೆಯುವಾಗ ಕಾಲು ಊರಿ, ಸೊಂಟದಿಂದ ಮೇಲಕ್ಕೆ ವಿಮಾನದ ವೇಗಕ್ಕೇ ತಿರುಗಿದರೆ ಸಂಖ್ಯೆಯೂ ಉಳಿಯುತ್ತದೆ, ಹಿನ್ನೆಲೆ ಮಾತ್ರ ಹರಿಯುತ್ತದೆ. ಹತ್ತಾರು ಚಿತ್ರ ಕೆಡುತ್ತವೆ, ನಿಜ. ಡಕೋಟಾ ಬಂದಾಗ ಶಟರ್ ಇಳಿಸಿ. ಒಂದು ಉಳಿದರೂ ಸಾಕು.